ಮುಳ್ಳು ಮಧ್ಯದಲ್ಲಿದೆ, ಸರಿ. ಎತ್ತರ ಎಷ್ಟಿದೆ?

ವಿಮಾನ ಇಳಿಸುವಾಗ ದಾರಿಗಿಂತ ಮೇಲಿದ್ದೇವಾ ಕೆಳಗಿದ್ದೇವಾ ಅಂತ ತೋರಿಸುವ ಗ್ಲೈಡ್ ಸ್ಲೋಪ್ ಮುಳ್ಳು ಮಧ್ಯಕ್ಕೆ ಬಂದು ನಿಂತರೆ ಒಂಥರಾ ಸಮಾಧಾನ. ಕಿಟಕಿಯಾಚೆ ಬಿಳಿ ಮೋಡ ಬಿಟ್ಟು ಬೇರೇನೂ ಕಾಣುತ್ತಿರುವುದಿಲ್ಲ, ನೆಲ ಎಲ್ಲಿದೆ ಅಂತ ಕಣ್ಣಿಗೆ ಗೊತ್ತಿರುವುದಿಲ್ಲ, ಆದರೂ ಆ ಸಣ್ಣ ಗುರುತು ಅಲ್ಲಾಡದೆ ನಿಂತಿದ್ದರೆ ಸಾಕು, ಎಲ್ಲ ಸರಿ ಇದೆ ಅನ್ನಿಸಿಬಿಡುತ್ತದೆ. ಇನ್‌ಸ್ಟ್ರುಮೆಂಟ್ ನೋಡಿ ಹಾರುವುದನ್ನು ಕಲಿಯುವಾಗ ನನಗೆ ಮೊದಲು ಇಷ್ಟವಾದದ್ದೇ ಈ ಮುಳ್ಳು. ಅದು ನಿಜಕ್ಕೂ ಏನನ್ನು ಅಳೆಯುತ್ತದೆ ಅಂತ ಕೂತು ಓದಿದ್ದು ಆಮೇಲೆ. ಓದಿದ ಮೇಲೆ ಇಷ್ಟ ಹಾಗೇ ಉಳಿಯಿತು, ಸಮಾಧಾನ ಮಾತ್ರ ಸ್ವಲ್ಪ ಕಡಿಮೆಯಾಯಿತು.

ಯಾಕೆಂದರೆ ಮುಳ್ಳು ಮಧ್ಯದಲ್ಲಿ ನಿಲ್ಲುವುದಕ್ಕೆ ಒಂದೇ ಕಾರಣ ಇರುವುದಿಲ್ಲ. ನೀವು ಸರಿಯಾದ ದಾರಿಯಲ್ಲಿದ್ದರೂ ಅದು ಮಧ್ಯದಲ್ಲಿರುತ್ತದೆ. ತಪ್ಪು ದಾರಿಯಲ್ಲಿದ್ದರೂ ಮಧ್ಯದಲ್ಲಿರಬಹುದು. ಕೆಳಗಿನ ಟ್ರಾನ್ಸ್‌ಮಿಟರ್ ಅರ್ಧ ಮಾತ್ರ ಕೆಲಸ ಮಾಡುತ್ತಿದ್ದರೂ ಮಧ್ಯದಲ್ಲೇ ಇರಬಹುದು. ಪ್ಯಾನೆಲ್ ಮೇಲೆ ಈ ಮೂರೂ ನೋಡಲು ಒಂದೇ ಥರ.

ಮೊದಲು ಅದು ಕೆಲಸ ಮಾಡುವ ರೀತಿ ಹೇಳಿಬಿಡುತ್ತೇನೆ. ಇನ್‌ಸ್ಟ್ರುಮೆಂಟ್ ಲ್ಯಾಂಡಿಂಗ್ ಸಿಸ್ಟಮ್, ಐಎಲ್‌ಎಸ್, ಅಂದರೆ ಮುಖ್ಯವಾಗಿ ಎರಡು ಸಿಗ್ನಲ್. ಎಡ ಬಲ ಹೇಳುವುದು ಲೋಕಲೈಜರ್, ಅದರ ಆಂಟೆನಾ ರನ್‌ವೇಯ ಆ ಕಡೆಯ ತುದಿಯಾಚೆ ಇರುತ್ತದೆ. ಮೇಲೆ ಕೆಳಗೆ ಹೇಳುವುದು ಗ್ಲೈಡ್ ಸ್ಲೋಪ್. ಅದರ ಆಂಟೆನಾ ಇಳಿಯುವ ಕಡೆಯಲ್ಲೇ, ರನ್‌ವೇ ಶುರುವಾಗುವ ಜಾಗದಿಂದ ಸುಮಾರು 1000 ಅಡಿ ಒಳಗೆ, ಪಕ್ಕಕ್ಕೆ ಸರಿದು ಒಂದು ಕಂಬದ ಮೇಲೆ ನಿಂತಿರುತ್ತದೆ. ಪೈಲಟ್ ಟ್ಯೂನ್ ಮಾಡುವುದು ಲೋಕಲೈಜರ್ ಫ್ರೀಕ್ವೆನ್ಸಿಯನ್ನು ಮಾತ್ರ, 108ರಿಂದ 112 ಮೆಗಾಹರ್ಟ್ಸ್ ನಡುವಿನದು. ಅದಕ್ಕೆ ಜೋಡಿಯಾದ ಗ್ಲೈಡ್ ಸ್ಲೋಪ್ ಫ್ರೀಕ್ವೆನ್ಸಿ 329ರಿಂದ 335 ಮೆಗಾಹರ್ಟ್ಸ್ ನಡುವೆ ಎಲ್ಲೋ ಇರುತ್ತದೆ, ಅದನ್ನು ರಿಸೀವರ್ ತಾನೇ ಹುಡುಕಿಕೊಳ್ಳುತ್ತದೆ. ಇಲ್ಲೊಂದು ವಿಷಯ ಗಮನಿಸಿ. ಸರಿಯಾದ ಸ್ಟೇಷನ್ ಹಿಡಿದಿದ್ದೇವಾ ಅಂತ ನೋಡಲು ನಾವು ಮೋರ್ಸ್ ಕೋಡ್ ಕೇಳುತ್ತೇವಲ್ಲ, ಅದು ಬರುವುದು ಲೋಕಲೈಜರ್‌ನಿಂದ ಮಾತ್ರ. ಗ್ಲೈಡ್ ಸ್ಲೋಪ್‌ಗೆ ತನ್ನದೇ ಅಂತ ಒಂದು ಗುರುತಿನ ಸದ್ದು ಇಲ್ಲ. ಕಿವಿಗೆ ಅದು ಮೂಗ.

ಆ ಸಿಗ್ನಲ್ ಮೇಲೆ ಎರಡು ಸ್ವರ ಕೂತಿರುತ್ತವೆ, 90 ಹರ್ಟ್ಸ್ ಒಂದು, 150 ಹರ್ಟ್ಸ್ ಇನ್ನೊಂದು. ದಾರಿಗಿಂತ ಮೇಲಿದ್ದರೆ 90 ಜೋರಾಗಿ ಸಿಗುತ್ತದೆ, ಕೆಳಗಿದ್ದರೆ 150 ಜೋರು. ಎರಡೂ ಸಮ ಇರುವ ಜಾಗವೇ ದಾರಿ. ವಿಮಾನದ ರಿಸೀವರ್ ಮಾಡುವುದು ಇಷ್ಟೇ: ಎರಡರ ನಡುವಿನ ವ್ಯತ್ಯಾಸ ನೋಡಿ ಮುಳ್ಳು ತಿರುಗಿಸುವುದು. ಅದಕ್ಕೆ ವಿಮಾನದ ಎತ್ತರ ಗೊತ್ತಿಲ್ಲ. ರನ್‌ವೇ ಎಷ್ಟು ದೂರ ಇದೆ ಅಂತಲೂ ಗೊತ್ತಿಲ್ಲ. ಗಾಳಿಯಲ್ಲಿ ಬೆಳಕಿನ ಕೋಲಿನ ಥರ ಒಂದು ಕಿರಣ ಚಾಚಿಕೊಂಡಿದೆ, ನಾವು ಅದರ ಮೇಲೆ ಜಾರಿಕೊಂಡು ಬರುತ್ತೇವೆ ಅಂತ ಪಾಠದ ಚಿತ್ರಗಳಲ್ಲಿ ಬರೆದಿರುತ್ತಾರೆ. ಅಂಥ ಕಿರಣ ಯಾವುದೂ ಅಲ್ಲಿಲ್ಲ. ಎರಡು ಸ್ವರ ಸಮವಾಗುವ ಜಾಗಗಳು ಇವೆ, ಅಷ್ಟೇ. ಜಾಗಗಳು ಅಂತ ಬಹುವಚನ ಬಳಸಿದ್ದು ಬೇಕಂತಲೇ.

ನನಗೆ ತುಂಬಾ ಹಿಡಿಸಿದ ಭಾಗ ಆಂಟೆನಾದ್ದು. ಹಳೆಯ, ಸರಳ ವ್ಯವಸ್ಥೆಯಲ್ಲಿ ಕಂಬದ ಮೇಲೆ ಎರಡು ಆಂಟೆನಾ ಇರುತ್ತವೆ. ಮೇಲಿನದು ಕೆಳಗಿನದರ ಎರಡರಷ್ಟು ಎತ್ತರದಲ್ಲಿ. ಆಂಟೆನಾದಿಂದ ನೇರವಾಗಿ ಹೊರಟ ಅಲೆ ಒಂದು, ಎದುರಿನ ನೆಲಕ್ಕೆ ಬಡಿದು ಮೇಲೆದ್ದ ಅಲೆ ಇನ್ನೊಂದು. ಇವೆರಡೂ ಆಕಾಶದಲ್ಲಿ ಸೇರಿದಾಗ ಕೆಲವು ಕೋನಗಳಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ಮೇಲಿನ ಆಂಟೆನಾದ ಅಲೆ ಪೂರ್ತಿ ಅಳಿಸಿಹೋಗುವ ಮೊದಲ ಕೋನವನ್ನೇ ಇಳಿಯುವ ದಾರಿ ಅಂತ ಇಟ್ಟುಕೊಂಡಿದ್ದಾರೆ. ಲೆಕ್ಕ ಸುಲಭ. ಈ ಫ್ರೀಕ್ವೆನ್ಸಿಯಲ್ಲಿ ಅಲೆಯ ಉದ್ದ ಸುಮಾರು 90 ಸೆಂಟಿಮೀಟರ್. ಮೊದಲ ಅಳಿಸುವಿಕೆ 3 ಡಿಗ್ರಿಯಲ್ಲಿ ಬರಬೇಕು ಅಂದರೆ ಮೇಲಿನ ಆಂಟೆನಾ ಸುಮಾರು 8.6 ಮೀಟರ್ ಎತ್ತರದಲ್ಲಿರಬೇಕು, ಕೆಳಗಿನದು 4.3 ಮೀಟರ್‌ನಲ್ಲಿ.

ಅಂದರೆ ಎದುರಿನ ನೆಲವೂ ಆಂಟೆನಾದ ಅರ್ಧ ಭಾಗ! ಅದಕ್ಕೇ ಆ ಕಂಬದ ಮುಂದಿನ ಜಾಗವನ್ನು ಅಷ್ಟು ಸಮತಟ್ಟಾಗಿ ಇಟ್ಟಿರುತ್ತಾರೆ. ದಪ್ಪಗೆ ಹಿಮ ಬಿದ್ದರೆ ಅಲೆ ಬಡಿದು ಮೇಲೇಳುವ ಮಟ್ಟವೇ ಬದಲಾಗುತ್ತದೆ, ಅದರ ಜೊತೆ ಕೋನವೂ ಅಲ್ಲಾಡುತ್ತದೆ. ಅಲ್ಲಿ ಒಂದು ಟ್ರಕ್ ನಿಂತರೂ ಕಷ್ಟ, ದೊಡ್ಡ ವಿಮಾನದ ಬಾಲ ಅಡ್ಡ ಬಂದರೂ ಕಷ್ಟ. ಮಂಜು ಕವಿದ ದಿನ ಟ್ಯಾಕ್ಸಿ ಮಾಡುತ್ತಿರುವ, ಅಂದರೆ ನೆಲದ ಮೇಲೆ ಸಾಗುತ್ತಿರುವ ವಿಮಾನಗಳನ್ನು ರನ್‌ವೇಯಿಂದ ಇನ್ನೂ ಹಿಂದಿನ ಗೆರೆಯಲ್ಲೇ ನಿಲ್ಲಿಸುವುದು ಇದಕ್ಕೇ. ಒಳಗೆ ಕೂತ ಪ್ರಯಾಣಿಕರಿಗೆ ಅದು ಸುಮ್ನೆ ತಡ ಅನ್ನಿಸುತ್ತದೆ, ಪಾಪ, ಅವರಿಗೆ ಯಾರೂ ಹೇಳಿರುವುದಿಲ್ಲ.

ಇದು ಇವತ್ತಿನ ತಂತ್ರಜ್ಞಾನವೇನೂ ಅಲ್ಲ. 1938ರ ಜನವರಿ 26ರಂದು ವಾಷಿಂಗ್ಟನ್‌ನಿಂದ ಹೊರಟ ಒಂದು ಬೋಯಿಂಗ್ 247 ಪ್ರಯಾಣಿಕ ವಿಮಾನ ಹಿಮ ಸುರಿಯುತ್ತಿದ್ದ ಪಿಟ್ಸ್‌ಬರ್ಗ್‌ನಲ್ಲಿ ಐಎಲ್‌ಎಸ್ ನಂಬಿ ಇಳಿಯಿತು. ಅಮೆರಿಕದಲ್ಲಿ ವೇಳಾಪಟ್ಟಿಯ ಪ್ರಕಾರ ಹಾರುವ ವಿಮಾನವೊಂದು ಹಾಗೆ ಇಳಿದದ್ದು ಅದೇ ಮೊದಲು. ಅಂಥ ಹಳೆಯ ಉಪಾಯದ ಮೇಲೆ ಇವತ್ತಿಗೂ ದೊಡ್ಡ ದೊಡ್ಡ ವಿಮಾನಗಳು ಇಳಿಯುತ್ತಿವೆ. ನನಗೆ ಇದು ನೆನಪಾದಾಗೆಲ್ಲ ಖುಷಿ ಆಗುತ್ತದೆ.

ಇನ್ನು ಹಾರಿಸುವ ವಿಷಯ. 3 ಡಿಗ್ರಿ ಅಂದರೆ ಒಂದು ನಾಟಿಕಲ್ ಮೈಲಿಗೆ (ಸುಮಾರು 1.85 ಕಿಲೋಮೀಟರ್, ಇಲ್ಲಿ ಮೈಲಿ ಅಂದರೆಲ್ಲ ಇದೇ) ಸುಮಾರು 318 ಅಡಿ ಇಳಿಯಬೇಕು. ತಲೆಯಲ್ಲಿ ಲೆಕ್ಕ ಹಾಕಲು 300 ಅಂತ ಇಟ್ಟುಕೊಳ್ಳುತ್ತೇವೆ. ನಿಮಿಷಕ್ಕೆ ಎಷ್ಟು ಅಡಿ ಇಳಿಯಬೇಕು ಅನ್ನುವುದಕ್ಕೂ ಒಂದು ಸುಲಭ ದಾರಿ ಇದೆ: ನೆಲದ ಮೇಲಿನ ವೇಗವನ್ನು 5ರಿಂದ ಗುಣಿಸಿ. 120 ನಾಟ್ (ಗಂಟೆಗೆ 120 ನಾಟಿಕಲ್ ಮೈಲಿ) ಇದ್ದರೆ 600 ಅಡಿ, 140 ನಾಟ್ ಇದ್ದರೆ 700 ಅಡಿ. ನಿಖರ ಲೆಕ್ಕ ಮಾಡಿದರೆ 140ಕ್ಕೆ 743 ಬರುತ್ತದೆ, ಆದರೆ ಶುರು ಮಾಡಲು 700 ಸಾಕು. ಉಳಿದದ್ದನ್ನು ಮುಳ್ಳೇ ಕೇಳಿ ಪಡೆಯುತ್ತದೆ.

ಇಲ್ಲಿ ನೆಲದ ಮೇಲಿನ ವೇಗ ಅನ್ನುವುದೇ ಮುಖ್ಯ. ದಾರಿಯ ಕೋನ ನೆಲಕ್ಕೆ ಅಂಟಿಕೊಂಡಿದೆ, ವಿಮಾನ ಗಾಳಿಗೆ ಅಂಟಿಕೊಂಡಿದೆ. ಎದುರುಗಾಳಿ ಇದ್ದರೆ ನಿಧಾನವಾಗಿ ಇಳಿದರೂ ನಡೆಯುತ್ತದೆ, ಹಿಂಗಾಳಿ ಇದ್ದರೆ ಅದೇ 3 ಡಿಗ್ರಿಗೆ ಜಾಸ್ತಿ ಇಳಿಯಬೇಕು. 2000 ಅಡಿಯಲ್ಲಿ 25 ನಾಟ್ ಎದುರುಗಾಳಿ, ಕೆಳಗೆ ಬರುತ್ತಾ ಬರುತ್ತಾ 5 ನಾಟ್ ಅಂತ ಇಟ್ಟುಕೊಳ್ಳಿ. ಗಾಳಿಯಲ್ಲಿ ವಿಮಾನದ ವೇಗ ತೋರಿಸುವ ಮೀಟರ್ ಏನೂ ಬದಲಾವಣೆ ತೋರಿಸದಿದ್ದರೂ ನೆಲದ ವೇಗ 20 ನಾಟ್ ಏರಿರುತ್ತದೆ, ನಿಮಿಷಕ್ಕೆ 100 ಅಡಿ ಹೆಚ್ಚು ಇಳಿಯಬೇಕಾಗುತ್ತದೆ. ಇದು ಗೊತ್ತಿಲ್ಲದಿದ್ದರೆ ಮುಳ್ಳು ಯಾಕೆ ಕೆಳಗೆ ಜಾರುತ್ತಿದೆ ಅಂತ ತಲೆ ಕೆರೆದುಕೊಳ್ಳುತ್ತಾ ಕೂರಬೇಕಾಗುತ್ತದೆ. ಮೇಲೇರುವ ಮೊದಲೇ ಗಾಳಿಯ ವಿವರ ನೋಡಿದ್ದರೆ ಅದು ಜಾರುವುದಕ್ಕೆ ಮೊದಲೇ ಕೈ ತಯಾರಾಗಿರುತ್ತದೆ.

ಹೊಸಬರು ಎಲ್ಲರೂ ಮುಳ್ಳನ್ನು ಅಟ್ಟಿಸಿಕೊಂಡು ಹೋಗುತ್ತಾರೆ. ಅದು ಮೇಲೆ ಹೋದರೆ ಮೂಗು ಎತ್ತುವುದು, ಕೆಳಗೆ ಬಂದರೆ ಮೂಗು ತಗ್ಗಿಸುವುದು. ದೂರದಲ್ಲಿ ಇದು ನಡೆಯುತ್ತದೆ. ಹತ್ತಿರ ಬಂದಂತೆ ಹದ ತಪ್ಪುತ್ತದೆ. ಮುಳ್ಳು ಪೂರ್ತಿ ಒಂದು ಕಡೆಗೆ ಹೋಗಲು ಬೇಕಾದದ್ದು ಬರೀ 0.7 ಡಿಗ್ರಿ. ಆಂಟೆನಾದಿಂದ 10 ಮೈಲಿ ದೂರದಲ್ಲಿ ಆ 0.7 ಡಿಗ್ರಿ ಅಂದರೆ 740 ಅಡಿ. 1 ಮೈಲಿಯಲ್ಲಿ 74 ಅಡಿ. 200 ಅಡಿ ಎತ್ತರಕ್ಕೆ ಬರುವ ಹೊತ್ತಿಗೆ 50 ಅಡಿಯೂ ಇಲ್ಲ. 10 ಮೈಲಿಯಲ್ಲಿ ಅರ್ಧ ಮುಳ್ಳಿಗೆ ನೀವು ಏನು ತಿದ್ದುಪಡಿ ಕೊಟ್ಟಿರೋ, ಅದನ್ನೇ 1 ಮೈಲಿಯಲ್ಲಿ ಕೊಟ್ಟರೆ ದಾರಿ ದಾಟಿ ಆ ಕಡೆಗೆ ಹೋಗಿಬಿಡುತ್ತೀರಿ. ಮತ್ತೆ ಈ ಕಡೆಗೆ. ಅಷ್ಟರಲ್ಲಿ ನೆಲ ಬಂದಿರುತ್ತದೆ.

ಹಾಗಾಗಿ ಮುಳ್ಳನ್ನು ನೋಡಿ ಮುಳ್ಳಿಗೇ ಉತ್ತರ ಕೊಡಬಾರದು. ಅದು ಕೇಳಿದ್ದಕ್ಕೆ ಮೂಗಿನ ಕೋನದಲ್ಲಿ ಉತ್ತರ ಕೊಡಬೇಕು. 120 ನಾಟ್‌ನಲ್ಲಿ ಮೂಗು 1 ಡಿಗ್ರಿ ಬದಲಾದರೆ ಇಳಿಯುವ ವೇಗ ನಿಮಿಷಕ್ಕೆ ಸುಮಾರು 200 ಅಡಿ ಬದಲಾಗುತ್ತದೆ. ಬೇಕಾದದ್ದು ಅರ್ಧ ಡಿಗ್ರಿ, ಒಂದು ಡಿಗ್ರಿ, ಅದಕ್ಕಿಂತ ಜಾಸ್ತಿ ಅಪರೂಪ. ಒಂದು ತಿದ್ದುಪಡಿ ಕೊಟ್ಟು ಹಿಡಿದಿಡಿ, ಮುಳ್ಳು ನಿಂತಿತಾ ನೋಡಿ, ವಾಪಸ್ ಬರಲು ಶುರುವಾಯಿತಾ ನೋಡಿ, ಬರಲು ಶುರುವಾದರೆ ಮಧ್ಯ ತಲುಪುವ ಮೊದಲೇ ಅರ್ಧ ತಿದ್ದುಪಡಿ ತೆಗೆದುಬಿಡಿ. ಇದನ್ನು ಹೇಳಲು ಹತ್ತು ಸೆಕೆಂಡ್ ಸಾಕು, ಕೈಗೆ ಬರಲು ತಿಂಗಳುಗಳು ಬೇಕು. ಎತ್ತರಕ್ಕೆ ಥ್ರಾಟಲ್, ವೇಗಕ್ಕೆ ಮೂಗು ಅಂತ ಒಂದು ಗುಂಪು, ಅದರ ಉಲ್ಟಾ ಅಂತ ಇನ್ನೊಂದು ಗುಂಪು ಹ್ಯಾಂಗರ್‌ಗಳಲ್ಲಿ ಶತಮಾನದ ಜಗಳ ಆಡುತ್ತಿರುತ್ತವೆ. ನನಗೆ ಅದರಲ್ಲಿ ಆಸಕ್ತಿ ಇಲ್ಲ. ಎರಡೂ ಕೈ ಒಟ್ಟಿಗೆ ಕೆಲಸ ಮಾಡುತ್ತವೆ, ಯಾವ ಕೈ ಯಾವುದಕ್ಕೆ ಅಂತ ವಿಮಾನ ಕೇಳುವುದಿಲ್ಲ.

ಕಲಿಸುವವರು ಇನ್ನೊಂದು ಮಾತನ್ನು ಪದೇ ಪದೇ ಹೇಳುತ್ತಾರೆ: ಗ್ಲೈಡ್ ಸ್ಲೋಪ್‌ಗೆ ಕೆಳಗಿನಿಂದ ಬನ್ನಿ. ಸಮತಲದಲ್ಲಿ ಹಾರುತ್ತಾ ಬಂದರೆ ದಾರಿಯೇ ಮೇಲಿನಿಂದ ಇಳಿದು ಬಂದು ನಿಮ್ಮನ್ನು ಸೇರುತ್ತದೆ, ಮುಳ್ಳು ಮೇಲಿನ ತುದಿಯಿಂದ ನಿಧಾನವಾಗಿ ಕೆಳಗೆ ಬರುತ್ತದೆ, ಗೇರ್ (ಚಕ್ರಗಳು) ಇಳಿಸಲು, ರೆಕ್ಕೆಯ ಫ್ಲ್ಯಾಪ್ ಬಿಡಲು ಸಮಯ ಸಿಗುತ್ತದೆ. ಮೇಲಿನಿಂದ ಬಂದರೆ ವೇಗ ಇಳಿಸುತ್ತಲೇ ಎತ್ತರವನ್ನೂ ಇಳಿಸಬೇಕು, ಅದೊಂದು ಗೋಳು. ಕೆಳಗಿನಿಂದ ಬನ್ನಿ ಅನ್ನುವುದಕ್ಕೆ ನಾನು ತುಂಬಾ ದಿನ ಇದೊಂದೇ ಕಾರಣ ಅಂದುಕೊಂಡಿದ್ದೆ. ಅದಕ್ಕಿಂತ ದೊಡ್ಡ ಕಾರಣ ಆ 8.6 ಮೀಟರ್ ಲೆಕ್ಕದಲ್ಲೇ ಇದೆ.

ಅಲೆ ಅಳಿಸಿಹೋಗುವುದು 3 ಡಿಗ್ರಿಯಲ್ಲಿ ಮಾತ್ರ ಅಲ್ಲ. ಅದೇ ಗಣಿತ 6 ಡಿಗ್ರಿಯಲ್ಲೂ ಬರುತ್ತದೆ, 9 ಡಿಗ್ರಿಯಲ್ಲೂ ಬರುತ್ತದೆ. ಅಂದರೆ ಸ್ವರಗಳು ಸಮವಾಗುವ ಇನ್ನೂ ಕೆಲವು ದಾರಿಗಳು ನಿಜವಾದ ದಾರಿಯ ಮೇಲೆ ಒಂದರ ಮೇಲೊಂದು ಇವೆ. ಇವು ಯಂತ್ರ ಕೆಟ್ಟಿದ್ದರಿಂದ ಬಂದವಲ್ಲ, ಎಲ್ಲ ಸರಿ ಇದ್ದಾಗಲೂ ಇರುತ್ತವೆ. ಕೆಲವು ಕಡೆ ಮುಳ್ಳು ಉಲ್ಟಾ ಮಾತಾಡುತ್ತದೆ, ಅಂದರೆ ಮೇಲಿದ್ದೀರಿ ಅನ್ನಬೇಕಾದಾಗ ಕೆಳಗಿದ್ದೀರಿ ಅನ್ನುತ್ತದೆ. ಯಾವ ಕೋನದಲ್ಲಿ ಉಲ್ಟಾ ಅನ್ನುವುದು ಆಂಟೆನಾದ ಬಗೆಯ ಮೇಲೆ ಹೋಗುತ್ತದೆ. ಒಂದೇ ಸಮಾಧಾನ ಅಂದರೆ ನಿಜವಾದ ದಾರಿಯೇ ಎಲ್ಲಕ್ಕಿಂತ ಕೆಳಗಿನದು. ಕೆಳಗಿನಿಂದ ಬಂದರೆ ಮೊದಲು ಸಿಗುವುದು ಅದೇ.

2013ರ ಮೇ 31ರಂದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಒಂದು ಬೋಯಿಂಗ್ 737-800 ಮೇಲಿನಿಂದ ಬಂತು. ಹಿಂಗಾಳಿ ಇತ್ತು, ವಿಮಾನ ಇರಬೇಕಾದ ಎತ್ತರಕ್ಕಿಂತ ತುಂಬಾ ಮೇಲಿತ್ತು. ಆಟೋಪೈಲಟ್ ಗ್ಲೈಡ್ ಸ್ಲೋಪ್ ಹಿಡಿಯಲು ಕಾಯುತ್ತಿತ್ತು, ಹಿಡಿಯಿತು, ಆದರೆ ಹಿಡಿದದ್ದು 9 ಡಿಗ್ರಿಯ ಹತ್ತಿರದ ಸುಳ್ಳು ದಾರಿಯನ್ನು. ಅಲ್ಲಿ ಸಿಗ್ನಲ್ ಉಲ್ಟಾ. ಇಳಿಯಬೇಕಾದ ವಿಮಾನ ಮೂಗು ಮೇಲಕ್ಕೆತ್ತಿತು, ಸ್ವಲ್ಪ ಅಲ್ಲ, ಕೆಲವೇ ಸೆಕೆಂಡುಗಳಲ್ಲಿ ಜೋರಾಗಿ. ವೇಗ ಬಿತ್ತು, ಸ್ಟಾಲ್ ಆಗಲಿದೆ, ಅಂದರೆ ರೆಕ್ಕೆಗಳು ವಿಮಾನವನ್ನು ಎತ್ತಿಹಿಡಿಯಲಾರವು ಅಂತ ಎಚ್ಚರಿಸುವ ಸ್ಟಿಕ್ ಶೇಕರ್ ಅಲುಗಿತು. ಪೈಲಟ್‌ಗಳು ಸುಧಾರಿಸಿಕೊಂಡು ಗೋ-ಅರೌಂಡ್ ಮಾಡಿದರು, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿದರು, ಯಾರಿಗೂ ಏನೂ ಆಗಲಿಲ್ಲ. ಡಚ್ ಸುರಕ್ಷತಾ ಮಂಡಳಿ ಇದರ ಬಗ್ಗೆ ತನಿಖೆ ಮಾಡಿ ವರದಿ ಬರೆಯಿತು. ಸುಳ್ಳು ದಾರಿ ಹಿಡಿದರೆ ಹೆಚ್ಚೆಂದರೆ ಕಡಿದಾಗಿ ಇಳಿಯಬೇಕಾದೀತು ಅಂತ ಅಂದುಕೊಂಡವರಿಗೆ, ಆಟೋಪೈಲಟ್ ಮೂಗನ್ನೇ ಎತ್ತಿಬಿಡಬಹುದು ಅನ್ನುವುದು ಹೊಸ ವಿಷಯವಾಗಿತ್ತು.

ಆದರೆ ನನ್ನ ತಲೆಯಲ್ಲಿ ಕೂತಿರುವುದು ಐಂಡ್‌ಹೋವನ್ ಅಲ್ಲ, ಸಮೋವಾ. 2000ದ ಜುಲೈ 29ರ ರಾತ್ರಿ ಆಕ್ಲೆಂಡ್‌ನಿಂದ ಸಮೋವಾದ ಆಪಿಯಾಗೆ ಒಂದು ಏರ್ ನ್ಯೂಜಿಲೆಂಡ್ ಬೋಯಿಂಗ್ 767 ಬರುತ್ತಿತ್ತು. ಫ್ಲೈಟ್ 60. ಅಲ್ಲಿನ ಗ್ಲೈಡ್ ಸ್ಲೋಪ್ ಟ್ರಾನ್ಸ್‌ಮಿಟರ್ ಬೈಪಾಸ್ ಸ್ಥಿತಿಯಲ್ಲಿ ಉಳಿದುಬಿಟ್ಟಿತ್ತು. ಇದರ ಪರಿಣಾಮ ವಿಚಿತ್ರ. ಆ ಎರಡು ಸ್ವರಗಳನ್ನು ಹೊತ್ತ ಮುಖ್ಯ ಸಿಗ್ನಲ್ ಹೊರಗೆ ಬರುತ್ತಿತ್ತು. ಎತ್ತರಕ್ಕೆ ತಕ್ಕಂತೆ ಒಂದನ್ನು ಜೋರು ಮಾಡಿ ಇನ್ನೊಂದನ್ನು ಮೆತ್ತಗೆ ಮಾಡುವ ಭಾಗ ಮಾತ್ರ ಬರುತ್ತಿರಲಿಲ್ಲ. ಎರಡೂ ಸ್ವರ ಇವೆ, ಎಲ್ಲಿ ನೋಡಿದರೂ ಸಮವಾಗಿ ಇವೆ. ತಕ್ಕಡಿಯ ಎರಡೂ ತಟ್ಟೆ ಖಾಲಿ ಇದ್ದರೂ ಮುಳ್ಳು ನೇರವಾಗೇ ನಿಲ್ಲುತ್ತದಲ್ಲ, ಹಾಗೆ.

ಈಗ ಕಾಕ್‌ಪಿಟ್ ಒಳಗಿನಿಂದ ಯೋಚಿಸಿ. ಸಿಗ್ನಲ್ ಇಲ್ಲದಿದ್ದರೆ ಎಚ್ಚರಿಕೆಯ ಫ್ಲ್ಯಾಗ್ ಬರುತ್ತದೆ. ಇಲ್ಲಿ ಎರಡೂ ಸ್ವರ ಸಿಗುತ್ತಿದ್ದರಿಂದ ರಿಸೀವರ್‌ಗೆ ಎಲ್ಲ ಸರಿಯಾಗೇ ಕಂಡಿತು, ಫ್ಲ್ಯಾಗ್ ಬರಲಿಲ್ಲ. ಮೋರ್ಸ್ ಗುರುತು ಲೋಕಲೈಜರ್‌ನದ್ದು, ಅದು ಚೆನ್ನಾಗೇ ಇತ್ತು. ದಾರಿಗಿಂತ ಕೆಳಗೆ ಹೋದರೆ ಗ್ಲೈಡ್ ಸ್ಲೋಪ್, ಗ್ಲೈಡ್ ಸ್ಲೋಪ್ ಅಂತ ಕೂಗುವ ಎಚ್ಚರಿಕೆ ಕೂಡ ಇದೇ ಮುಳ್ಳನ್ನು ನೋಡಿಯೇ ಕೂಗುವುದು. ಮುಳ್ಳು ಮಧ್ಯದಲ್ಲಿದ್ದರೆ ಅದಕ್ಕೆ ಕೂಗಲು ಕಾರಣವೇ ಇಲ್ಲ. ಆಟೋಪೈಲಟ್ ಕೂಡ ಅದೇ ಸಿಗ್ನಲ್ ಹಿಡಿದು ಇಳಿಯುತ್ತಿತ್ತು. ಅಷ್ಟೆಲ್ಲ ಯಂತ್ರಗಳು ಒಂದೇ ಮಾತು ಹೇಳುತ್ತಿವೆ ಅನ್ನಿಸುತ್ತದೆ, ನಿಜದಲ್ಲಿ ಎಲ್ಲವೂ ಒಂದೇ ಬಾಯಿಂದ ಕೇಳಿ ಹೇಳುತ್ತಿದ್ದವು.

ಅವರನ್ನು ಉಳಿಸಿದ್ದು ದೂರದ ಅಂಕಿ ಮತ್ತು ಹೊರಗೆ ಕಂಡ ದೀಪಗಳು. ದೀಪಗಳು ಕಾಣುವ ರೀತಿ ಸರಿ ಇರಲಿಲ್ಲ, ನೆಲದ ಸ್ಟೇಷನ್‌ನಿಂದ ಎಷ್ಟು ದೂರ ಅಂತ ಹೇಳುವ ಡಿಎಮ್‌ಇ ತೋರಿಸುತ್ತಿದ್ದ ದೂರಕ್ಕೂ ಎತ್ತರಕ್ಕೂ ತಾಳೆಯಾಗಲಿಲ್ಲ. ಗೋ-ಅರೌಂಡ್ ಮಾಡಿದರು. ಆಗ ವಿಮಾನ 400 ಅಡಿಗಿಂತ ಕೆಳಗಿತ್ತು, ರನ್‌ವೇ ಇನ್ನೂ ಸುಮಾರು 5.5 ಮೈಲಿ ಮುಂದಿತ್ತು. 3 ಡಿಗ್ರಿ ದಾರಿಯಲ್ಲಿ ಆ ದೂರದಲ್ಲಿ 1700 ಅಡಿಗಿಂತ ಮೇಲಿರಬೇಕು. ಎರಡನೇ ಸಲ ಗ್ಲೈಡ್ ಸ್ಲೋಪ್ ಬಿಟ್ಟು, ಬರೀ ಲೋಕಲೈಜರ್ ಮತ್ತು ದೂರ ನೋಡಿಕೊಂಡು ಬಂದು ಸುರಕ್ಷಿತವಾಗಿ ಇಳಿದರು.

ಇದನ್ನು ಓದಿದಾಗ ನನಗೆ ಅನ್ನಿಸಿದ್ದು, ಐದು ಮೈಲಿಯಲ್ಲಿ ಎತ್ತರ ಎಷ್ಟಿರಬೇಕು ಅಂತ ಒಂದು ಸಲ ಜೋರಾಗಿ ಹೇಳಿಕೊಳ್ಳುವುದು ಎಷ್ಟು ಸಣ್ಣ ಕೆಲಸ ಅಲ್ವಾ? ಚಾರ್ಟ್ ಮೇಲೆ ಅದು ಬರೆದೇ ಇರುತ್ತದೆ. ಕೊನೆಯ ಇಳಿಕೆ ಶುರುವಾಗುವ ಜಾಗದಲ್ಲಿ ಗ್ಲೈಡ್ ಸ್ಲೋಪ್ ಮೇಲಿದ್ದರೆ ಎತ್ತರ ಹೇಳುವ ಆಲ್ಟಿಮೀಟರ್ ಏನು ತೋರಿಸಬೇಕು ಅನ್ನುವ ಅಂಕಿ ಇರುತ್ತದೆ. ಅದಿಲ್ಲದಿದ್ದರೂ ದೂರವನ್ನು 300ರಿಂದ ಗುಣಿಸಿ ರನ್‌ವೇಯ ಎತ್ತರ ಸೇರಿಸಿದರೆ ಸಾಕು. ಮುಳ್ಳು ಮಧ್ಯಕ್ಕೆ ಬಂದ ತಕ್ಷಣ ಕಣ್ಣು ಆಲ್ಟಿಮೀಟರ್‌ಗೆ, ಅಲ್ಲಿಂದ ದೂರಕ್ಕೆ. ಜೊತೆಗೆ ಇಳಿಯುವ ವೇಗ. 140 ನಾಟ್‌ನಲ್ಲಿ ನಿಮಿಷಕ್ಕೆ 1500 ಅಡಿ ಇಳಿದರೆ ಮಾತ್ರ ಮುಳ್ಳು ಮಧ್ಯದಲ್ಲಿ ನಿಲ್ಲುತ್ತಿದೆ ಅಂದರೆ ನೀವಿರುವುದು ಬೇರೆ ಯಾವುದೋ ದಾರಿಯಲ್ಲಿ.

ಈ ತಾಳೆ ನೋಡುವುದರ ಬೆಲೆ ಇರುವುದು ಎರಡು ಉಪಕರಣಗಳ ಮೂಲ ಬೇರೆ ಬೇರೆ ಆಗಿರುವುದರಲ್ಲಿ. ಗ್ಲೈಡ್ ಸ್ಲೋಪ್ ರೇಖಾಗಣಿತದಿಂದ ಬಂದದ್ದು, ನೆಲದ ಮೇಲಿನ ಕಂಬದಿಂದ. ಆಲ್ಟಿಮೀಟರ್ ಗಾಳಿಯ ಒತ್ತಡದಿಂದ. ಒಂದು ತಪ್ಪಿದರೆ ಇನ್ನೊಂದು ಅದರ ಜೊತೆ ತಪ್ಪುವುದಿಲ್ಲ. ಆ ಹೊತ್ತಿನ ಗಾಳಿಯ ಒತ್ತಡ ಎಷ್ಟು ಅಂತ ಆಲ್ಟಿಮೀಟರ್‌ಗೆ ಪೈಲಟ್ ಹೇಳಿಕೊಡಬೇಕು, ಅಲ್ಲಿ ತಪ್ಪು ಒತ್ತಡ ಹಾಕಿದ್ದರೂ ಈ ಹಂತದಲ್ಲಿ ಸಿಕ್ಕಿಬೀಳುತ್ತದೆ: ಮುಳ್ಳು ಸರಿ, ದೂರ ಸರಿ, ಎತ್ತರ ಮಾತ್ರ 300 ಅಡಿ ಜಾಸ್ತಿ ತೋರಿಸುತ್ತಿದೆ, ಯಾಕೆ? ಒಂದು ಮಾತು ಸೇರಿಸಬೇಕು. ತುಂಬಾ ಚಳಿಯ ದಿನ ಆಲ್ಟಿಮೀಟರ್ ನಿಜವಾದ ಎತ್ತರಕ್ಕಿಂತ ಜಾಸ್ತಿ ತೋರಿಸುತ್ತದೆ, ಪ್ರಮಾಣಿತ ತಾಪಮಾನಕ್ಕಿಂತ ಪ್ರತಿ 10 ಡಿಗ್ರಿ ಕಡಿಮೆಗೆ ಸುಮಾರು 4 ಶೇಕಡದಂತೆ. ಹಾಗಾಗಿ ಸಣ್ಣ ವ್ಯತ್ಯಾಸ ಬಂದ ಕೂಡಲೇ ಗಾಬರಿ ಬೇಡ. ಸಣ್ಣದು ಎಷ್ಟು ಅಂತ ಮೊದಲೇ ಗೊತ್ತಿರಬೇಕು, ಅಷ್ಟೇ.

ಎರಡು ಮೂಲಗಳೂ ಒಂದೇ ಆಗಿಬಿಟ್ಟರೆ? ಅದೂ ನಡೆದಿದೆ. 2022ರ ಮೇ 23ರಂದು ಪ್ಯಾರಿಸ್‌ನ ಶಾರ್ಲ್ ದ ಗಾಲ್ ವಿಮಾನ ನಿಲ್ದಾಣಕ್ಕೆ ಒಂದು ಏರ್‌ಬಸ್ ಎ320 ಮಳೆಯಲ್ಲಿ ಬರುತ್ತಿತ್ತು. ಇಳಿಯುತ್ತಿದ್ದದ್ದು ಐಎಲ್‌ಎಸ್ ಹಿಡಿದಲ್ಲ. ಅಕ್ಕಪಕ್ಕದ ದಾರಿಗೆ ಜಿಪಿಎಸ್, ಮೇಲೆ ಕೆಳಗಿನ ದಾರಿಗೆ ಆಲ್ಟಿಮೀಟರ್ ಬಳಸುವ ಅಪ್ರೋಚ್ (ಇಳಿದು ಬರುವ ವಿಧಾನ) ಅದು. ಅದರಲ್ಲೂ ಪರದೆಯ ಮೇಲೆ ಗ್ಲೈಡ್ ಸ್ಲೋಪ್ ಥರದ್ದೇ ಒಂದು ಗುರುತು ಕಾಣುತ್ತದೆ. ಕಂಟ್ರೋಲರ್ ಹೇಳಿದ ಒತ್ತಡ 1011, ಇರಬೇಕಾದದ್ದು 1001. ಹತ್ತು ಹೆಕ್ಟೋಪಾಸ್ಕಲ್ ಅಂದರೆ ಸುಮಾರು 280 ಅಡಿ. ವಿಮಾನ ಅಷ್ಟು ಕೆಳಗೆ, ನಿಜವಾದ ದಾರಿಗೆ ಸಮಾನಾಂತರವಾಗಿ, ಗುರುತನ್ನು ಮಧ್ಯದಲ್ಲೇ ಇಟ್ಟುಕೊಂಡು ಇಳಿಯಿತು. ದೂರ ಮತ್ತು ಎತ್ತರ ತಾಳೆ ನೋಡಿದ್ದರೂ ಸರಿಯಾಗೇ ಬರುತ್ತಿತ್ತು, ಯಾಕೆಂದರೆ ದಾರಿ ತೋರಿಸುತ್ತಿದ್ದದ್ದೂ ಅದೇ ಆಲ್ಟಿಮೀಟರ್. ನಿರ್ಧಾರದ ಎತ್ತರದಲ್ಲಿ ರನ್‌ವೇ ಕಾಣದ್ದರಿಂದ ಪೈಲಟ್‌ಗಳು ಗೋ-ಅರೌಂಡ್ ಮಾಡಿದರು. ರೇಡಿಯೋ ಅಲೆಯಿಂದ ಕೆಳಗಿನ ನೆಲದವರೆಗೆ ಅಳೆಯುವ ರೇಡಿಯೋ ಆಲ್ಟಿಮೀಟರ್ ದಾಖಲಿಸಿದ ಕನಿಷ್ಠ ಎತ್ತರ 6 ಅಡಿ. ರನ್‌ವೇ ಇನ್ನೂ ಮುಕ್ಕಾಲು ಮೈಲಿಗಿಂತ ಜಾಸ್ತಿ ದೂರ ಇತ್ತು.

ಆರು ಅಡಿ!

ಹೊಸ ತಂತ್ರಜ್ಞಾನ ಬೇಡ ಅನ್ನುವವನಲ್ಲ ನಾನು. ಒತ್ತಡವನ್ನು ನಂಬದೆ ಪೂರ್ತಿ ಉಪಗ್ರಹದಿಂದಲೇ ಎತ್ತರದ ದಾರಿ ಹಾಕುವ ಎಲ್‌ಪಿವಿ ಅಪ್ರೋಚ್‌ಗಳಿವೆ, ಅವುಗಳಲ್ಲಿ ಈ ತೊಂದರೆ ಇಲ್ಲ. ಸುಳ್ಳು ದಾರಿಗಳೂ ಇಲ್ಲ, ಹಿಮ ಬಿದ್ದರೆ ಕೋನ ಅಲ್ಲಾಡುವುದೂ ಇಲ್ಲ. ಪ್ಯಾನೆಲ್ ಮೇಲೆ ಮಾತ್ರ ಐಎಲ್‌ಎಸ್, ಬ್ಯಾರೋ (ಗಾಳಿಯ ಒತ್ತಡ ನಂಬುವುದು), ಎಲ್‌ಪಿವಿ ಮೂರಕ್ಕೂ ಹೆಚ್ಚುಕಡಿಮೆ ಒಂದೇ ಗುರುತು, ಒಂದೇ ಜಾಗದಲ್ಲಿ. ನನ್ನ ತಕರಾರು ಇಷ್ಟೇ. ಈ ಗುರುತು ಇವತ್ತು ಯಾರ ಮಾತು ಕೇಳಿ ಕುಣಿಯುತ್ತಿದೆ ಅನ್ನುವುದನ್ನು ಪೈಲಟ್ ಇಳಿಯುವ ಮೊದಲೇ ಬಾಯಿಬಿಟ್ಟು ಹೇಳಿಕೊಳ್ಳಬೇಕು. ಬ್ರೀಫಿಂಗ್‌ನಲ್ಲಿ ನಾನು ಈಗ ಅದನ್ನೇ ಮೊದಲು ಹೇಳುವುದು.

ಇಲ್ಲದ ಗ್ಲೈಡ್ ಸ್ಲೋಪ್ ಕೂಡ ಅಪಾಯವೇ. 1997ರ ಆಗಸ್ಟ್ 6ರಂದು ಗುವಾಮ್‌ನಲ್ಲಿ ಕೊರಿಯನ್ ಏರ್‌ನ ಫ್ಲೈಟ್ 801, ಬೋಯಿಂಗ್ 747, ನಿಮಿಟ್ಜ್ ಹಿಲ್ ಎಂಬ ಗುಡ್ಡಕ್ಕೆ ಅಪ್ಪಳಿಸಿ 200ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿನ ಗ್ಲೈಡ್ ಸ್ಲೋಪ್ ದುರಸ್ತಿಗಾಗಿ ಬಂದ್ ಆಗಿತ್ತು, ಪೈಲಟ್‌ಗಳಿಗೆ ಅದರ ಸೂಚನೆ ಮೊದಲೇ ಸಿಕ್ಕಿತ್ತು. ಆದರೂ ಕೊನೆಯ ನಿಮಿಷಗಳಲ್ಲಿ ಕಾಕ್‌ಪಿಟ್‌ನಲ್ಲಿ ಗ್ಲೈಡ್ ಸ್ಲೋಪ್ ಕೆಲಸ ಮಾಡುತ್ತಿದೆಯಾ ಇಲ್ಲವಾ ಅಂತ ಮಾತು ನಡೆದಿತ್ತು. ದೂರ ಹೇಳುವ ಡಿಎಮ್‌ಇ ಕೂಡ ಅಲ್ಲಿ ರನ್‌ವೇ ಹತ್ತಿರ ಇರಲಿಲ್ಲ, ಮೂರು ಮೈಲಿಗಿಂತ ಹಿಂದೆ, ಅದೇ ಗುಡ್ಡದ ಮೇಲಿತ್ತು. ಡಿಎಮ್‌ಇ ಎಲ್ಲಿದೆ ಅಂತ ನೋಡದೆ ದೂರವನ್ನು 300ರಿಂದ ಗುಣಿಸುವವರು ಇದನ್ನು ನೆನಪಿಟ್ಟುಕೊಳ್ಳಬೇಕು. 2013ರ ಜುಲೈ 6ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಏಷಿಯಾನಾ 214 ಸಮುದ್ರದ ತಡೆಗೋಡೆಗೆ ಬಡಿದ ದಿನವೂ ಆ ರನ್‌ವೇಯ ಗ್ಲೈಡ್ ಸ್ಲೋಪ್ ಬಂದ್ ಆಗಿತ್ತು. ಬಿಸಿಲು, ತಿಳಿಯಾದ ಆಕಾಶ, ರನ್‌ವೇ ಕಣ್ಣೆದುರೇ ಇತ್ತು. ಕಾರಣಗಳು ಹಲವು, ಮುಖ್ಯವಾಗಿ ವೇಗ ಬಿದ್ದದ್ದು. ಆದರೂ ಮುಳ್ಳನ್ನು ನೋಡಿಯೇ ಅಭ್ಯಾಸವಾದ ಕಣ್ಣಿಗೆ ಮುಳ್ಳಿಲ್ಲದ ದಿನ ಎಷ್ಟು ಕಷ್ಟ ಅನ್ನುವುದು ಅಲ್ಲಿ ಕಾಣುತ್ತದೆ. ಅದಕ್ಕೇ ಆಗಾಗ ಅದನ್ನು ಬೇಕಂತಲೇ ಮುಚ್ಚಿ ಹಾರಬೇಕು ಅನ್ನುತ್ತೇನೆ.

ಕೊನೆಯ 200 ಅಡಿ. ಸಾಮಾನ್ಯ ಐಎಲ್‌ಎಸ್‌ನಲ್ಲಿ, ಅಂದರೆ ಕ್ಯಾಟ್ ಒನ್‌ನಲ್ಲಿ, ನಿರ್ಧಾರ ಮಾಡಬೇಕಾದ ಎತ್ತರ ಇದೇ. ರನ್‌ವೇಯೋ ಅದರ ದೀಪಗಳೋ ಕಂಡರೆ ಮುಂದೆ, ಇಲ್ಲದಿದ್ದರೆ ಮೇಲಕ್ಕೆ. ದೀಪ ಕಂಡ ಕ್ಷಣ ಒಂದು ಆಸೆ ಹುಟ್ಟುತ್ತದೆ, ಮೂಗನ್ನು ಸ್ವಲ್ಪ ತಗ್ಗಿಸಿ ಬೇಗ ಅಲ್ಲಿಗೆ ತಲುಪಿಬಿಡೋಣ ಅಂತ. ಮಂಜಿನಲ್ಲಿ ರನ್‌ವೇಯ ಆ ತುದಿ ಕಾಣದೆ ಈ ತುದಿ ಮಾತ್ರ ಕಾಣುವುದರಿಂದ ನಾವು ತುಂಬಾ ಮೇಲಿದ್ದೇವೆ ಅನ್ನಿಸುತ್ತದೆ. 3 ಡಿಗ್ರಿ ದಾರಿ ರನ್‌ವೇಯ ಅಂಚನ್ನು ದಾಟುವುದು ಸುಮಾರು 50 ಅಡಿ ಎತ್ತರದಲ್ಲಿ. 140 ನಾಟ್‌ನಲ್ಲಿ 200 ಅಡಿಯಿಂದ ಅಲ್ಲಿಗೆ ಹನ್ನೆರಡೇ ಸೆಕೆಂಡ್. ಮೇಲಾಗಿ ಆ 50 ಅಡಿ ಸಿಗ್ನಲ್‌ನ ಲೆಕ್ಕ. ಉದ್ದನೆಯ ವಿಮಾನದಲ್ಲಿ ಗ್ಲೈಡ್ ಸ್ಲೋಪ್ ಹಿಡಿಯುವ ಆಂಟೆನಾ ಮೂಗಿನ ಕಡೆ ಇದ್ದರೆ ಚಕ್ರಗಳು ಎಷ್ಟೋ ಹಿಂದೆ, ಎಷ್ಟೋ ಕೆಳಗೆ ಇರುತ್ತವೆ. ಮೂಗು ತಗ್ಗಿಸಿದಾಗ ಉಳಿದಿರುವ ಅಂತರವನ್ನು ಮೊದಲು ತಿನ್ನುವುದು ಆ ಚಕ್ರಗಳು.

ಹಾಗಾಗಿ ದೀಪ ಕಂಡ ಮೇಲೂ ನಾನು ಮೂಗಿನ ಕೋನ ಬದಲಿಸುವುದಿಲ್ಲ, ಥ್ರಾಟಲ್ ಮೇಲಿನ ಕೈ ತೆಗೆಯುವುದಿಲ್ಲ, ಇನ್ನೊಂದು ಸಲ ಒಳಗೆ ನೋಡುತ್ತೇನೆ: ವೇಗ, ಇಳಿಯುವ ವೇಗ, ಮುಳ್ಳು. ರನ್‌ವೇ ಪಕ್ಕದಲ್ಲಿ ಇಳಿಯುವ ಕೋನ ಸರಿ ಇದೆಯಾ ಅಂತ ಬಣ್ಣದಲ್ಲಿ ಹೇಳುವ ಪ್ಯಾಪಿ ದೀಪಗಳು ಎರಡು ಬಿಳಿ ಎರಡು ಕೆಂಪು ಇದ್ದರೆ ಸರಿ. ದೊಡ್ಡ ವಿಮಾನಗಳಿಗೆಂದು ಇಟ್ಟ ಪ್ಯಾಪಿ ಕೆಲವು ಕಡೆ ಗ್ಲೈಡ್ ಸ್ಲೋಪ್ ಜೊತೆ ಪೂರ್ತಿ ಹೊಂದುವುದಿಲ್ಲ, ಅದು ಚಾರ್ಟ್ ಮೇಲೆ ಬರೆದಿರುತ್ತದೆ. 100 ಅಡಿಯ ಕೆಳಗೆ ಮುಳ್ಳನ್ನು ಬಿಟ್ಟುಬಿಡುತ್ತೇನೆ. ಆಂಟೆನಾ ರನ್‌ವೇ ಪಕ್ಕಕ್ಕೆ ಇರುವುದರಿಂದ ನೆಲದ ಹತ್ತಿರ ಆ ದಾರಿ ನೇರವಾಗಿ ಉಳಿಯುವುದಿಲ್ಲ, ಬಾಗುತ್ತದೆ, ಮುಳ್ಳು ಸುಮ್ನೆ ಹಾರಾಡುತ್ತದೆ. ತಾವೇ ಇಳಿಯುವ ಆಟೋಪೈಲಟ್‌ಗಳು ಕೂಡ ಕೊನೆಯ ಐವತ್ತು ಅಡಿಗೆ ರೇಡಿಯೋ ಆಲ್ಟಿಮೀಟರ್‌ಗೆ ಬದಲಾಗುತ್ತವೆ. 1965ರ ಜೂನ್ 10ರಂದು ಬ್ರಿಟನ್ನಿನ ವಿಮಾನ ಕಂಪನಿ ಬಿಇಎಯ ಒಂದು ಟ್ರೈಡೆಂಟ್ ವಿಮಾನ ಪ್ರಯಾಣಿಕರನ್ನು ಹೊತ್ತು ಹೀಥ್ರೋದಲ್ಲಿ ಮೊದಲ ಸಲ ಹಾಗೆ ಮೂಗೆತ್ತಿ ನೆಲ ಮುಟ್ಟಿತು. ಮೂಗು ಎತ್ತುವ ಆ ಕೆಲಸವನ್ನು ಕೈಯಿಂದ ಮಾಡುವವರಿಗೆ ಮುಳ್ಳಿನಿಂದ ಏನೂ ಸಹಾಯ ಸಿಗುವುದಿಲ್ಲ, ಕಣ್ಣನ್ನು ರನ್‌ವೇಯ ಆ ತುದಿಯತ್ತ ಎತ್ತಿ ಇಳಿಸಬೇಕು.